ಹಾಸಿಗೆ ಖಾಲಿ ಇಲ್ಲ

ಸರಕಾರದ ಮೇಲಿನ ಜನರ ಸಿಟ್ಟು ಸಭೆ ಭಾಷಣಗಳಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಬಾಗಿಲಲ್ಲಿ ಹುಟ್ಟುತ್ತದೆ. ‘ಹಾಸಿಗೆ ಖಾಲಿ ಇಲ್ಲ’ ಎಂಬ ಮೂರು ಮಾತು ಕೇಳಿ ಹಿಂದಿರುಗಿದ ಬಡವನಿಗೆ ರಾಜ್ಯಾಂಗವೂ ಬರಿಯ ಕಾಗದವಾಗಿ ತೋರಿದರೆ ಆಶ್ಚರ್ಯವಿಲ್ಲ.

1992ರ ಜುಲೈ ತಿಂಗಳ ಒಂದು ಸಂಜೆ ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಕೂಲಿಗಾರನೊಬ್ಬನು ರೈಲಿನಿಂದ ಬಿದ್ದನು. ತಲೆಗೆ ಬಲವಾದ ಪೆಟ್ಟು. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ತಕ್ಕ ಸೌಕರ್ಯವಿರಲಿಲ್ಲ. ಬಂಧುಗಳು ಅವನನ್ನು ಹೊತ್ತು ಕಲ್ಕತ್ತೆಯಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದರು. ಒಂದು ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಇನ್ನೊಂದರಲ್ಲಿ ಸಲಕರಣೆಯಿಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸುಮಾರು 17,000 ರೂಪಾಯಿ ತೆತ್ತು ಅವನು ಬದುಕಿದನು. ಕೂಲಿ ಮಾಡಿ ಉಣ್ಣುವವನಿಗೆ ಅದು ಎಷ್ಟು ದಿನಗಳ ಬೆವರು!

ಅವನೂ ಅವನ ಕೂಲಿಗಾರರ ಸಂಘವೂ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 1996ರ ಮೇ ತಿಂಗಳಲ್ಲಿ ತೀರ್ಪು ಬಂದಿತು: ತುರ್ತು ಚಿಕಿತ್ಸೆ ದೊರಕಿಸದಿರುವುದು 21ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿಗೇ ಭಂಗ; ಹಣವಿಲ್ಲವೆಂಬ ನೆಪ ಸಲ್ಲದು. 25,000 ರೂಪಾಯಿ ಪರಿಹಾರವೂ ದೊರೆಯಿತು. ಹಾಸಿಗೆ ಎಲ್ಲಿ ತೆರವಾಗಿದೆಯೆಂದು ತಿಳಿದು ರೋಗಿಯನ್ನು ಅಲ್ಲಿಗೇ ಕಳುಹಿಸುವ ವ್ಯವಸ್ಥೆ ಬೇಕೆಂದೂ ನ್ಯಾಯಾಲಯ ಹೇಳಿತು.

ನ್ಯಾಯವು ನಾಲ್ಕು ವರುಷ ಕಾಯಿಸಬಲ್ಲದು. ಒಡೆದ ತಲೆ ನಾಲ್ಕು ಗಳಿಗೆಯೂ ಕಾಯಲಾರದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವುದನ್ನು ಜನ ಬಹಳ ಕಂಡಿದ್ದಾರೆ. ಅವರು ಬೇಡುವುದು ಪರಿಹಾರವನ್ನಲ್ಲ. ನಡುರಾತ್ರಿಯಲ್ಲಿ ತಟ್ಟಿದಾಗ ತೆರೆಯುವ ಒಂದು ಬಾಗಿಲನ್ನು.