ಒಂಬತ್ತನೆಯವರ ದಾರಿ

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆ ಮನೆಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಫಲಿತಾಂಶದ ದಿನಗಳಲ್ಲಿ. ಬಯಸಿದ ಸೀಟು ಒಂದೆರಡು ಅಂಕಗಳಿಂದ ಕೈತಪ್ಪಿದಾಗ ಹಿರಿಯರು ನಿಟ್ಟುಸಿರಿನೊಂದಿಗೆ ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ಮಕ್ಕಳ ಕಿವಿಗೆ ಅದು ಬಾಗಿಲು ಮುಚ್ಚಿದ ಸದ್ದಿನಂತೆ ಕೇಳುತ್ತದೆ. ಆದರೆ ಗಾದೆಯ ಮೊದಲರ್ಧ ಮಾತ್ರ ಸೋಲಿನದು. ದೈವವೂ ಏನನ್ನೋ ಬಗೆದಿದೆ ಎಂಬುದು ಅದರ ಉಳಿದರ್ಧ.

1958ರಲ್ಲಿ ಡೆಹ್ರಾಡೂನಿನ ವಾಯುಪಡೆಯ ಆಯ್ಕೆ ಮಂಡಳಿಯ ಮುಂದೆ 25 ಮಂದಿ ಯುವಕರಿದ್ದರು. ಬೇಕಾಗಿದ್ದವರು ಎಂಟೇ ಮಂದಿ. ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ದಕ್ಕಿದ್ದು ಒಂಬತ್ತನೆಯ ಸ್ಥಾನ! ವಿಮಾನ ಹಾರಿಸಬೇಕೆಂಬುದು ಅವರ ಬಹುದಿನದ ಕನಸು. ಮದ್ರಾಸಿನಲ್ಲಿ ಅವರು ಓದಿದ್ದೂ ವೈಮಾನಿಕ ಎಂಜಿನಿಯರಿಂಗನ್ನೇ. ಕಾಲೇಜು ಸೇರಲು ಹಣವಿಲ್ಲದಾಗ ಅಕ್ಕ ತಮ್ಮ ಚಿನ್ನದ ಬಳೆ, ಸರಗಳನ್ನು ಅಡವಿಟ್ಟಿದ್ದರು. ಆಸೆಯಲ್ಲಿ ತಪ್ಪಿರಲಿಲ್ಲ, ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ.

ಮನಸ್ಸು ಕುಸಿದ ಕಲಾಂ ಹೃಷಿಕೇಶಕ್ಕೆ ಹೋದರು. ಗಂಗೆಯಲ್ಲಿ ಮಿಂದು ಸ್ವಾಮಿ ಶಿವಾನಂದರ ಆಶ್ರಮಕ್ಕೆ ನಡೆದರು. ಬಂದವನು ಮುಸಲ್ಮಾನ ಯುವಕನೆಂಬುದು ಸ್ವಾಮಿಗಳಿಗೆ ಅಡ್ಡಿಯಾಗಲಿಲ್ಲ. ಸೋಲನ್ನು ಮರೆತು, ದೇವರ ಇಚ್ಛೆಗೆ ತನ್ನನ್ನು ಒಪ್ಪಿಸಿಕೊಂಡು ಮುಂದೆ ಸಾಗಬೇಕೆಂಬುದೇ ಅವರ ಹಿತವಚನದ ಸಾರವಾಗಿತ್ತು. ಮುಂದೆ ಏನಾಗುವುದೆಂದು ಅವರೂ ತಿಳಿಸಲಿಲ್ಲ. ಕಲಾಂ ದೆಹಲಿಗೆ ಮರಳಿ, ರಕ್ಷಣಾ ಇಲಾಖೆಯಲ್ಲಿ ತಿಂಗಳಿಗೆ 250 ರೂಪಾಯಿ ಮೂಲ ವೇತನದ ನೌಕರಿಗೆ ಸೇರಿಕೊಂಡರು.

ಆ ದಾರಿಯೂ ನೇರವಾಗಿರಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಅವರು ತಮ್ಮ ಪುಟ್ಟ ತಂಡದೊಂದಿಗೆ, ಗಾಳಿಯ ಒತ್ತಡದಿಂದ ನೆಲ ಬಿಟ್ಟು ತೇಲುವ ವಾಹನವೊಂದನ್ನು ಕಟ್ಟಿದರು. ಅದಕ್ಕೆ ‘ನಂದಿ’ ಎಂದು ಹೆಸರಿಟ್ಟರು. ಅಂದಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅದರಲ್ಲಿ ಕುಳಿತು ಸಂತೋಷಪಟ್ಟರು. ಆದರೂ ಬೆಂಬಲ ಸಿಗದೆ ಯೋಜನೆ ಮೂಲೆ ಸೇರಿತು. ಮತ್ತೊಂದು ಬಾಗಿಲು ಮುಚ್ಚಿತು. ಆದರೆ ನಂದಿಯನ್ನು ನೋಡಲು ಬಂದಿದ್ದ ವಿಜ್ಞಾನಿ ಎಂ.ಜಿ.ಕೆ. ಮೆನನ್ ಅದನ್ನು ಕಟ್ಟಿದವರನ್ನು ಮರೆತಿರಲಿಲ್ಲ. ಮುಂಬಯಿಯಿಂದ ಸಂದರ್ಶನದ ಕರೆ ಬಂತು. ಸಂದರ್ಶಿಸಿದವರಲ್ಲಿ ವಿಕ್ರಂ ಸಾರಾಭಾಯಿಯವರೂ ಇದ್ದರು. ಪೈಲಟ್ ಆಗಬೇಕಿದ್ದವರು ರಾಕೆಟ್ ಎಂಜಿನಿಯರ್ ಆದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ರಾಕೆಟ್ ಯೋಜನೆಯ ನೇತೃತ್ವ ಅವರದೇ.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಅಂದು ಆಯ್ಕೆಯಾಗದೆ ಹಿಂತಿರುಗಿದವರು 17 ಮಂದಿ. ಉಳಿದ 16 ಮಂದಿಯ ಹೆಸರನ್ನು ಯಾರೂ ಹೇಳುವುದಿಲ್ಲ. ಹಾಗೆಂದು ದೇವರು ಅವರ ಕೈಬಿಟ್ಟನೆನ್ನಲಾದೀತೆ? ಒಂದು ಸೀಟು ತಪ್ಪಿದರೆ ಅದಕ್ಕಿಂತ ದೊಡ್ಡದೊಂದು ಸಿಕ್ಕೇ ಸಿಗಬೇಕೆಂದು ಲೆಕ್ಕ ಹಾಕುವುದು ದೇವರೊಂದಿಗೆ ವ್ಯಾಪಾರಕ್ಕಿಳಿದಂತೆ. ಮುಂದಿನ ತಿರುವು ಕಾಣದಿರುವಾಗಲೂ ಎದುರಿಗಿರುವ ಕೆಲಸಕ್ಕೆ ಪೂರ್ತಿ ಮನಸ್ಸು ಕೊಡುವವನು ಮಾತ್ರ ದೇವರನ್ನು ನಂಬಿದ್ದಾನೆ. ಕಲಾಂ ದೆಹಲಿಯ ರೈಲು ಹತ್ತಿದಾಗ ಅವರ ಬಳಿ ಇದ್ದದ್ದೂ ಇಷ್ಟೇ. ತಂದೆತಾಯಿಗಳು ಮನೆಯಲ್ಲಿ ಆ ಗಾದೆ ಹೇಳುವಾಗ ನಿಟ್ಟುಸಿರನ್ನು ಬಿಟ್ಟು, ಇನ್ನೊಂದು ಅರ್ಜಿ ತುಂಬಲು ಮಗುವಿನ ಪಕ್ಕದಲ್ಲಿ ಕುಳಿತರೆ ಅದರ ಉಳಿದರ್ಧ ಮಗುವಿಗೆ ತಾನಾಗಿ ಅರ್ಥವಾದೀತು.

2006ರ ಜೂನ್ 8ರಂದು ಪುಣೆಯಲ್ಲಿ, 74 ವರ್ಷದ ರಾಷ್ಟ್ರಪತಿ ಕಲಾಂ ವಾಯುಪಡೆಯ ಸುಖೋಯ್ ಯುದ್ಧವಿಮಾನದಲ್ಲಿ ಕುಳಿತು ಆಕಾಶಕ್ಕೇರಿದರು. ಡೆಹ್ರಾಡೂನಿನ ಆ ದಿನಕ್ಕೂ ಇದಕ್ಕೂ ನಡುವೆ 48 ವರ್ಷಗಳು. ಆ ವರ್ಷಗಳನ್ನು ಅವರು ಆ ಸೀಟಿಗಾಗಿ ಕಾಯುತ್ತ ಕಳೆದಿರಲಿಲ್ಲ.