ಕೆರೆಯಂಚಿನ ಗೊರವ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲು ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರುಗಳನ್ನು ಒಂದಾದ ಮೇಲೊಂದು ದಾಟುತ್ತದೆ. ಕಿಟಕಿಯಾಚೆ ಎರೆಹೊಲ, ಗೋವಿನಜೋಳ, ಹತ್ತಿ, ನಡುನಡುವೆ ಕೆರೆಗಳು. ದೇವರಗುಡ್ಡ ಎಂದೊಡನೆ ಈ ಸೀಮೆಯವರಿಗೆ ನೆನಪಾಗುವವರು ಕಂಬಳಿ ತೊಟ್ಟು, ಡಮರುಗ ಹಿಡಿದು ಬರುವ ಮಾಲತೇಶನ ಗೊರವರು. ದಸರೆಯಲ್ಲಿ ಅಲ್ಲಿ ಕಾರಣಿಕ ನಡೆಯುವ ಹೊತ್ತಿಗೆ ಅದೇ ಹೆಸರಿನ ಇನ್ನೊಂದು ಅಲೆಮಾರಿ ಜೀವ ಈ ಕೆರೆಗಳ ಅಂಚಿಗೆ ಬಂದಿಳಿದಿರುತ್ತದೆ. ಅದೇ ಗದ್ದೆಗೊರವ, ಇಂಗ್ಲಿಷಿನಲ್ಲಿ ವುಡ್ ಸ್ಯಾಂಡ್‌ಪೈಪರ್.

ಹಾವೇರಿಯ ಮಗ್ಗುಲಲ್ಲೇ ಹೆಗ್ಗೇರಿ ಕೆರೆಯಿದೆ. ಹೆಸರೇ ಹೇಳುವಂತೆ ಹಿರಿದಾದ ಕೆರೆ. ಚಳಿಗಾಲದ ಮುಂಜಾವಿನಲ್ಲಿ ಇಂಥ ಕೆರೆಯ ಕೆಸರಂಚಿನಲ್ಲಿ ಸದ್ದಿಲ್ಲದೆ ನಿಂತು ನೋಡಿ. ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಹಳದಿ ಮಿಶ್ರಿತ ಹಸಿರು ಕಾಲು, ಬಾಲ ಕುಣಿಸುತ್ತ ಕೆಸರು ಕೆದಕುವ ಹಕ್ಕಿ ಕಂಡೀತು. ತೂಕ ಸುಮಾರು 60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು!

ಇದರ ತವರು ಉತ್ತರ ಯುರೋಪಿನಿಂದ ಸೈಬೀರಿಯದವರೆಗಿನ ಜೌಗುನೆಲ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಹಾವೇರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ತವರು 60 ಡಿಗ್ರಿಯಲ್ಲಿದೆ ಎನ್ನೋಣ. ಅಂತರ 45 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ, ನೇರ ಬಂದರೂ ಸುಮಾರು 5,000 ಕಿಲೋಮೀಟರು. ಮರಿಗಳಿಗೆ ಈ ದಾರಿಯನ್ನು ಯಾರೂ ತೋರಿಸುವುದಿಲ್ಲ. ತಾಯಿ ಮೊದಲೇ ಹೊರಟುಬಿಡುತ್ತದೆ. ಕೆಲಕಾಲ ಕಾವಲಿದ್ದ ತಂದೆಯೂ ಹೋಗುತ್ತದೆ. ಹುಟ್ಟಿನಿಂದಲೇ ಬಂದ ದಿಕ್ಕಿನ ಅರಿವೇ ಮರಿಗಳಿಗೆ ಆಸರೆ.

ಇಷ್ಟು ದೂರಕ್ಕೆ ಬುತ್ತಿ ಯಾವುದು? ಕೊಬ್ಬು. ಒಂದು ಗ್ರಾಂ ಸಕ್ಕರೆ 4 ಕಿಲೋಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಕೊಬ್ಬು ಉರಿದಾಗ ಮೈಯೊಳಗೆ ನೀರೂ ಹುಟ್ಟುತ್ತದೆ. ಆದ್ದರಿಂದ ವಲಸೆಗೆ ಮುನ್ನ ಹಕ್ಕಿ ಹೊಟ್ಟೆಬಾಕನಂತೆ ತಿನ್ನುತ್ತದೆ. 60 ಗ್ರಾಂ ಇದ್ದದ್ದು 80 ಗ್ರಾಂ ದಾಟುವುದೂ ಉಂಟು. ಇದರ ಬಂಧು ಬಾರ್-ಟೇಲ್ಡ್ ಗಾಡ್‌ವಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ಹಾರುವ ಮುನ್ನ ಅದು ತನ್ನ ಕರುಳು, ಯಕೃತ್ತುಗಳನ್ನೇ ಕುಗ್ಗಿಸಿ ಭಾರ ಇಳಿಸಿಕೊಳ್ಳುತ್ತದೆ. 2022ರಲ್ಲಿ ಅಂಥದೊಂದು ಎಳೆಯ ಹಕ್ಕಿ ಅಲಾಸ್ಕದಿಂದ ಟ್ಯಾಸ್ಮೇನಿಯಕ್ಕೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರು ಎಲ್ಲಿಯೂ ಇಳಿಯದೆ ಹಾರಿತು. ನಮ್ಮ ಗದ್ದೆಗೊರವ ಹಾಗಲ್ಲ, ಅಲ್ಲಲ್ಲಿ ತಂಗಿ ಹೋಗುತ್ತದೆ. ಆದರೆ ಪ್ರತಿ ತಂಗುದಾಣದಲ್ಲೂ ಊಟ ಸಿಗಲೇಬೇಕು.

ಬ್ಯಾಡಗಿಯಲ್ಲಿ ಈ ಊಟದ ಕಾಲ ತಿಳಿಯಲು ಪಂಚಾಂಗ ಬೇಡ. ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿ, ಪೇಟೆಗೆ ಚೀಲಗಳು ಬಂದು ಬೀಳುವಾಗ, ಕೆರೆಗಳ ನೀರು ಹಿಂದೆ ಸರಿಯುತ್ತಿರುತ್ತದೆ. ರೈತನಿಗೆ ಅದು ಚಿಂತೆ; ಗೊರವಕ್ಕೆ ಹಬ್ಬ. ಹೊರಬಿದ್ದ ಕೆಸರಿನಲ್ಲಿ ಹುಳು, ಕೀಟಗಳ ಮರಿ, ಚಿಕ್ಕ ಬಸವನಹುಳು ತುಂಬಿರುತ್ತವೆ. ಮರುಪ್ರಯಾಣದ ಕೊಬ್ಬು ಕೂಡಿಬರುವುದು ಇಲ್ಲಿಯೇ.

ನೆಲೆ ಬದಲಾದರೆ ಏನಾದೀತು ಎಂಬುದನ್ನು ರಾಣೆಬೆನ್ನೂರು ಹೇಳುತ್ತದೆ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರದು. ಆ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಓಡಾಡುತ್ತಿತ್ತು. ಹುಲ್ಲುಬಯಲಲ್ಲಿ ನೀಲಗಿರಿ ತೋಪುಗಳು ಎದ್ದವು. ಕೃಷ್ಣಮೃಗ ಉಳಿಯಿತು, ಎರೆಭೂತ ಈಗ ಅಲ್ಲಿ ಕಾಣಸಿಗದು.

ಕೆರೆಯಂಚೂ ಹುಲ್ಲುಬಯಲಿನಂತೆಯೇ ಬರಿಗಣ್ಣಿಗೆ ಪಾಳುಜಾಗ. ಹೂಳು ತೆಗೆಯಬೇಕು, ನೀರು ನಿಲ್ಲಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತಲೂ ಕಡಿದಾಗಿ ಅಗೆದು ಕಲ್ಲು ಕಟ್ಟಿದರೆ, ಬೆರಳುದ್ದದ ಕಾಲಿನ ಹಕ್ಕಿ ಎಲ್ಲಿ ನಿಲ್ಲಬೇಕು? ಒಂದು ಮಗ್ಗುಲನ್ನಾದರೂ ಇಳಿಜಾರಾಗಿ, ಕೆಸರಾಗಿ ಬಿಟ್ಟರೆ ಸಾಕು.

ಏಪ್ರಿಲ್ ಮುಗಿಯುವ ಹೊತ್ತಿಗೆ ಗೊರವಗಳು ಬಹುಪಾಲು ಹೊರಟಿರುತ್ತವೆ. ಮಕ್ಕಳ ಪರೀಕ್ಷೆ ಮುಗಿದ ಒಂದು ಭಾನುವಾರ, ಅವು ಹೊರಡುವ ಮುನ್ನ, ಅಪ್ಪ-ಅಮ್ಮ ಅವರನ್ನು ಹತ್ತಿರದ ಕೆರೆಗೆ ಕರೆದೊಯ್ಯಲಿ. ಆ ಕೋಳಿಮೊಟ್ಟೆಯಷ್ಟು ಭಾರದ ಜೀವದ ಮುಂದೆ ಇನ್ನೂ 5,000 ಕಿಲೋಮೀಟರು ದಾರಿಯಿದೆ.