ಒಂದು ಮಿಕ್ಸಿ, ಎರಡು ಜಾರು

ಡಲ್ಲಾಸಿನ ಸೆಕೆಯ ಬಗ್ಗೆ ಊರಿನವರಿಗೆ ಹೇಳಿದರೆ ನಂಬುವುದೇ ಇಲ್ಲ. ಅಮೆರಿಕಾ ಅಂದರೆ ಹಿಮ, ದಪ್ಪ ಕೋಟು, ಬಾಯಿ ಬಿಟ್ಟರೆ ಹೊಗೆ ಅಂತಲೇ ಅವರ ಲೆಕ್ಕ. ಇಲ್ಲಿ ಜುಲೈ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸುದ್ದಿಯೂ ಅಲ್ಲ. ನಿಲ್ಲಿಸಿದ್ದ ಕಾರು ಹತ್ತಿ ಸೀಟ್ ಬೆಲ್ಟಿನ ಕೊಂಡಿ ಮುಟ್ಟಿದರೆ ದೋಸೆ ಕಾವಲಿ ಮುಟ್ಟಿದ ಹಾಗಾಗುತ್ತದೆ. ಜುಲೈ ನಾಲ್ಕರ ರಜೆಗೆ ನಾವೊಂದು ಏಳೆಂಟು ಕನ್ನಡದ ಮನೆಯವರು ಒಟ್ಟಿಗೆ ಸೇರುವ ರೂಢಿ, ಬಹುತೇಕ ನಮ್ಮ ಹಿತ್ತಲಿನಲ್ಲೇ. ಅವತ್ತು ಮಿಕ್ಸಿ ಮುಂದೆ ನಿಲ್ಲುವ ಕೆಲಸ ನನ್ನದು. ಕೋಸಂಬರಿ, ಪುಳಿಯೋಗರೆ ಎಲ್ಲ ಬೇರೆಯವರ ಪಾಲು, ಫ್ರೋಜನ್ ಮಾರ್ಗರಿಟಾ ನನ್ನ ಪಾಲು.

ಈ ಸಲ ಎರಡು ಥರ ಮಾಡಬೇಕಿತ್ತು. ಟೆಕಿಲಾ ಇರುವುದು ಒಂದು, ಇಲ್ಲದ್ದು ಒಂದು. ಟೆಕಿಲಾ ಇರುವುದು ಸುಲಭ ಮಾರಾಯ್ರೆ. ಇಲ್ಲದ್ದೇ ಕಷ್ಟ. ಅದಕ್ಕೇ ಬರೆಯಬೇಕು ಅನ್ನಿಸಿತು.

ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಫ್ರೋಜನ್ ಮಾರ್ಗರಿಟಾದ ಮಿಷನ್ನು ಹುಟ್ಟಿದ್ದು ಇದೇ ಡಲ್ಲಾಸಿನಲ್ಲಿ, 1971ರಲ್ಲಿ. ಮರಿಯಾನೋ ಮಾರ್ಟಿನೆಜ್ ಅನ್ನುವವರು ಇಲ್ಲಿ ಹೊಸದಾಗಿ ರೆಸ್ಟೋರೆಂಟ್ ತೆರೆದಿದ್ದರು. ಜನ ಮಾರ್ಗರಿಟಾಕ್ಕೆ ಮುಗಿಬಿದ್ದರು. ಬಾರಿನವನು ಒಂದೊಂದೇ ಗ್ಲಾಸಿಗೂ ನಿಂಬೆ ಹಿಂಡಿ, ಐಸ್ ಹಾಕಿ, ಬ್ಲೆಂಡರ್ ತಿರುಗಿಸಿ ತಿರುಗಿಸಿ ಸುಸ್ತಾದ. ಒಂದು ಗ್ಲಾಸಿನ ಹಾಗೆ ಇನ್ನೊಂದು ಇಲ್ಲ ಅಂತ ಗಿರಾಕಿಗಳ ತಕರಾರು ಬೇರೆ. ಆಗ ಮಾರ್ಟಿನೆಜ್ ಕಣ್ಣಿಗೆ ಬಿದ್ದದ್ದು ಸೆವೆನ್ ಇಲೆವೆನ್ ಅಂಗಡಿಯ ಸ್ಲರ್ಪಿ ಮಿಷನ್ನು. ಮಕ್ಕಳಿಗೆ ಬಣ್ಣದ ಐಸ್ ನೀರು ಸುರಿಸುವ ಮಿಷನ್ನಿಗೆ ದೊಡ್ಡವರ ಪಾನೀಯ ಹಾಕಿದರೆ ಏನಾದೀತು? ಸಾಫ್ಟಿ ಐಸ್‌ಕ್ರೀಮಿನ ಮಿಷನ್ನೊಂದನ್ನು ತಂದು ಬಗ್ಗಿಸಿ ಒಗ್ಗಿಸಿದರು. ಪೇಟೆಂಟ್ ಮಾತ್ರ ಪಡೆಯಲಿಲ್ಲ, ಊರೆಲ್ಲ ನಕಲು ಮಾಡಿತು. ಆ ಮೊದಲ ಮಿಷನ್ನು 2005ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು. ಬ್ಲೆಂಡರಿನ ಕಥೆಯೂ ಹೀಗೇ. 1930ರ ದಶಕದಲ್ಲಿ ಅದನ್ನು ಅಮೆರಿಕಾದ ಬಾರುಗಳಿಗೆಲ್ಲ ಪರಿಚಯಿಸಿದ್ದು ಫ್ರೆಡ್ ವೇರಿಂಗ್ ಅನ್ನುವ ವಾದ್ಯವೃಂದದ ನಾಯಕ. ನಮ್ಮ ಮಿಕ್ಸಿ ಚಟ್ನಿ ರುಬ್ಬುತ್ತಾ ದೊಡ್ಡದಾಯಿತು, ಅದರ ಅಮೆರಿಕನ್ ದೊಡ್ಡಪ್ಪ ಡೈಕಿರಿ ತಿರುಗಿಸುತ್ತಾ ದೊಡ್ಡವನಾದ :-)

ಇನ್ನು ಟೆಕಿಲಾ. ಅದರ ಹೆಸರು ಕೇಳಿ ಹೆದರುವವರಿಗೆ ಒಂದು ಮಾತು: ಅದು ನಮ್ಮ ಕತ್ತಾಳೆಯ ನೆಂಟ. ಹೊಲದ ಬೇಲಿಗೆ ನೆಟ್ಟಿರುತ್ತಾರಲ್ಲ, ನಾರು ತೆಗೆದು ಹಗ್ಗ ಹೊಸೆಯುತ್ತಾರಲ್ಲ, ಮುಳ್ಳು ತಾಗಿದರೆ ಎರಡು ದಿನ ಉರಿಯುತ್ತದಲ್ಲ, ಅದೇ ಜಾತಿ. ಮೆಕ್ಸಿಕೋದಲ್ಲಿ ನೀಲಿ ಕತ್ತಾಳೆಯ ಎಲೆ ಸವರಿ, ಅನಾನಸಿನ ಹಾಗೆ ಕಾಣುವ ಗಡ್ಡೆಯನ್ನು ಬೇಯಿಸಿ, ರಸ ಹುಳಿಸಿ, ಭಟ್ಟಿ ಇಳಿಸುತ್ತಾರೆ. ಕತ್ತಾಳೆ ನಮ್ಮ ದೇಶಕ್ಕೆ ಬಂದದ್ದೂ ಅಮೆರಿಕಾ ಖಂಡದಿಂದಲೇ. ಇಷ್ಟು ವರ್ಷ ಬೇಲಿ ಕಾಯಿಸಿಕೊಂಡಿದ್ದ ನಾವು ಈಚೆಗೆ ದಖ್ಖನ್ನಿನ ಕತ್ತಾಳೆಯಿಂದಲೂ ಮದ್ಯ ಇಳಿಸಲು ಶುರು ಮಾಡಿದ್ದೇವೆ. ಆದರೆ ಅದನ್ನು ಟೆಕಿಲಾ ಅನ್ನುವ ಹಾಗಿಲ್ಲ, ಆ ಹೆಸರು ಮೆಕ್ಸಿಕೋದ ಸ್ವತ್ತು.

ನನ್ನ ಅಳತೆ ಎರಡು ಗ್ಲಾಸಿಗೆ ಹೀಗೆ: ಟೆಕಿಲಾ 90 ಎಂ.ಎಲ್., ಕಿತ್ತಳೆಯ ಲಿಕ್ಕರ್ ಟ್ರಿಪಲ್ ಸೆಕ್ 45, ಆಗಷ್ಟೇ ಹಿಂಡಿದ ನಿಂಬೆರಸ 60, ಸಕ್ಕರೆ ಪಾಕ 40, ಐಸ್ 300 ಗ್ರಾಂ. ಸಕ್ಕರೆ ಜಾಸ್ತಿ ಅನ್ನಿಸಬಹುದು. ಕೊರೆಯುವಷ್ಟು ತಣ್ಣಗಿರುವಾಗ ನಾಲಿಗೆಗೆ ಸಿಹಿ ಸರಿಯಾಗಿ ಗೊತ್ತಾಗುವುದಿಲ್ಲ. ಕರಗಿದ ಐಸ್‌ಕ್ರೀಮು ಕುಡಿದು ನೋಡಿ, ಗಂಟಲು ಕಟ್ಟುತ್ತದೆ. ಜಾರಿಗೆ ಹಾಕುವ ಮುಂಚೆ ರುಚಿ ನೋಡಿದರೆ 'ಛೇ, ಸಿಹಿ ಜಾಸ್ತಿಯಾಯ್ತು' ಅನ್ನಿಸಬೇಕು, ಆಗ ಸರಿಯಾಗಿದೆ ಅಂತ ಅರ್ಥ. ನಮ್ಮ ಇಂಡಿಯನ್ ಮಿಕ್ಸಿಯಲ್ಲಿ ಮಾಡುವವರು ಐಸನ್ನು ಟವೆಲ್ಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ನಾಲ್ಕು ಏಟು ಕೊಟ್ಟು ಹಾಕಿ. ಇಡೀ ತುಂಡು ಹಾಕಿದರೆ ಬ್ಲೇಡು ಗೋಳಾಡುತ್ತದೆ. ಒಂದೇ ಸಮ ತಿರುಗಿಸಬೇಡಿ, ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ. ಮೋಟಾರಿನ ಬಿಸಿಗೇ ಅರ್ಧ ಕರಗಿ ಹೋಗುತ್ತದೆ.

ಇದು ಇಷ್ಟು ಮೆತ್ತಗೆ, ರೇಷ್ಮೆಯ ಹಾಗೆ ಬರುವುದು ಯಾಕೆ? ಕುಲ್ಫಿ ಮಾರುವವನ ಮಡಕೆ ನೆನಪು ಮಾಡಿಕೊಳ್ಳಿ. ಐಸಿನ ಜೊತೆ ಅವನು ಉಪ್ಪು ಯಾಕೆ ಹಾಕುತ್ತಾನೆ? ಉಪ್ಪು ಬಿದ್ದ ಐಸು ಕರಗುತ್ತಾ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಇಲ್ಲಿ ಆ ಉಪ್ಪಿನ ಕೆಲಸವನ್ನು ಟೆಕಿಲಾ ಮಾಡುತ್ತದೆ. ಶೇಕಡಾ 40ರ ಮದ್ಯ ಮನೆಯ ಫ್ರೀಜರಿನಲ್ಲಿ ತಿಂಗಳಿಟ್ಟರೂ ಗಟ್ಟಿಯಾಗುವುದಿಲ್ಲ. ಮೇಲಿನ ಅಳತೆಯಲ್ಲಿ ಎಲ್ಲ ಸೇರಿ ಮದ್ಯಸಾರ ಸುಮಾರು ಶೇಕಡಾ 10 ಬರುತ್ತದೆ. ಜಾರಿನೊಳಗಿನ ತಾಪ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಕೆಳಗಿದ್ದರೂ ಪೂರ್ತಿ ಹೆಪ್ಪುಗಟ್ಟದೆ ಸಣ್ಣ ಸಣ್ಣ ಹರಳಾಗಿ ಹರಿದಾಡುತ್ತದೆ. ಟೆಕಿಲಾ ತೆಗೆದುಬಿಡಿ, ಬರೀ ನಿಂಬೆ ಶರಬತ್ತು ಐಸು ಹಾಕಿ ತಿರುಗಿಸಿ. ಎರಡು ನಿಮಿಷದಲ್ಲಿ ಮೇಲೆ ಬೂದಿಯ ಹಾಗೆ ಐಸಿನ ಪುಡಿ, ಕೆಳಗೆ ಸಪ್ಪೆ ನೀರು. ಹೀರಿದರೆ ನೀರು ಬರುತ್ತದೆ, ಐಸು ಗ್ಲಾಸಿನಲ್ಲೇ ಉಳಿಯುತ್ತದೆ. ಅಂದರೆ ಮದ್ಯ ತೆಗೆದರೆ ಬರೀ ಅಮಲು ಹೋಗುವುದಿಲ್ಲ, ಆ ಮೆತ್ತಗಿನ ಗುಣವೂ ಹೋಗುತ್ತದೆ.

ಈಗ ಟೆಕಿಲಾ ಇಲ್ಲದ್ದು ಯಾಕೆ ಬೇಕಾಯಿತು ಅಂತ ಹೇಳಬೇಕು.

ನಮ್ಮ ಗುಂಪಿನಲ್ಲಿ ಶಿರಸಿ ಕಡೆಯ ಗೆಳೆಯನೊಬ್ಬ ಇದ್ದಾನೆ. ಹೆಸರು ಬೇಡ. ಮೂರು ವರ್ಷದ ಹಿಂದೆ ಕುಡಿತ ಬಿಟ್ಟ. ಬಿಟ್ಟ ಅಂದರೆ ಎರಡು ಅಕ್ಷರದ ಮಾತು, ಅದರ ಹಿಂದೆ ಹನ್ನೊಂದು ದಿನದ ಆಸ್ಪತ್ರೆ, ಹಳದಿಯಾದ ಕಣ್ಣು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟು ನಿಂತ ಹೆಂಡತಿ ಎಲ್ಲ ಇವೆ. ಬಿಟ್ಟ ಮೇಲೆ ಎರಡು ವರ್ಷ ಅವನು ಜುಲೈ ನಾಲ್ಕಕ್ಕೆ ಬರಲಿಲ್ಲ. ಮೊದಲ ವರ್ಷ ಆಫೀಸಿನ ಕೆಲಸ ಅಂದ, ಎರಡನೇ ವರ್ಷ ಮಗಳಿಗೆ ಜ್ವರ ಅಂದ. ಕಾರಣ ಎಲ್ಲರಿಗೂ ಗೊತ್ತಿತ್ತು. 'ಒಂದು ಹಾಕೋ, ಏನಾಗಲ್ಲ' ಅನ್ನುವ ಪ್ರೀತಿಯ ಜನ ಎಲ್ಲ ಗುಂಪಿನಲ್ಲೂ ಇರುತ್ತಾರೆ. ಹಾಗನ್ನದವರು ಕೈಗೆ ಕೋಕಿನ ಕ್ಯಾನು ಕೊಟ್ಟು ಪಕ್ಕದ ಕುರ್ಚಿಗೆ ಹೋಗಿ ಕೂರುತ್ತಾರೆ. ಯಾವುದು ಹೆಚ್ಚು ಕ್ರೂರ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಈ ವರ್ಷ ಜೂನಿನಲ್ಲೇ ಫೋನ್ ಮಾಡಿ ನೇರವಾಗಿ ಕೇಳಿದೆ. "ಈ ಸಲ ಬಾಟ್ಲಿನೇ ತರೋದು ಬೇಡ ಅಂತ ಎಲ್ಲರಿಗೂ ಹೇಳಿಬಿಡ್ತೀನಿ, ಬರ್ತೀಯಾ?"

"ಬೇಡ ಮಾರಾಯಾ," ಅಂದ. "ನನಗೋಸ್ಕರ ಎಲ್ಲರ ಕೈಯಿಂದ ಗ್ಲಾಸು ಕಿತ್ಕೊಂಡ್ರೆ ನಾನು ಅಲ್ಲಿ ಪೇಶೆಂಟ್ ಆಗ್ತೇನೆ. ಎಲ್ಲರೂ ನನ್ನ ಮುಖ ನೋಡ್ತಾ ಕೂತಿರ್ತಾರೆ."

"ಮತ್ತೆ? ನಿನಗೆ ಅಂತ ಬೇರೆ ಮಾಡ್ಲಾ, ಟೆಕಿಲಾ ಇಲ್ಲದ ಮಾರ್ಗರಿಟಾ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಥರದ್ದೇ ರುಚಿ ಇರೋದು ಬೇಡ. ನಾಲಿಗೆಗೆ ಅದರ ನೆನಪು ಆಗೋದು ಬೇಡ. ಬೇರೆಯದ್ದೇ ಮಾಡು, ಆದ್ರೆ ಚೆನ್ನಾಗಿರೋದು ಮಾಡು. ನನ್ನ ಗ್ಲಾಸು ಕೂಡ ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗ್ಬೇಕು. ಟೇಬಲ್ ಮೇಲಿಟ್ಟು ತಿರುಗಿ ನೋಡಿದಾಗ ಕೈ ತಪ್ಪಬಾರದು," ಅಂದ. ಇನ್ನೊಂದು ಮಾತೂ ಹೇಳಿದ. "ಕಾರನ್ನ ನಿಮ್ಮ ಡ್ರೈವ್‌ವೇಲಿ ಹಾಕೋದಿಲ್ಲ, ರಸ್ತೆ ಬದಿ ನಿಲ್ಲಿಸ್ತೇನೆ. ಹೊರಡಬೇಕು ಅನ್ನಿಸಿದ್ರೆ ಯಾರ ಹತ್ರನೂ ಗಾಡಿ ತೆಗೀರಿ ಅಂತ ಕೇಳೋ ಹಾಗಿರಬಾರದು."

ಅಂಗಡಿಯಲ್ಲಿ ಮದ್ಯವಿಲ್ಲದ 'ಟೆಕಿಲಾ' ಕೂಡ ಬಾಟಲಿಯಲ್ಲಿ ಸಿಗುತ್ತದೆ. ಅವನ ಮಾತು ಕೇಳಿದ ಮೇಲೆ ಅದರ ಕಡೆ ತಲೆ ಹಾಕಲಿಲ್ಲ. ಹಾಗಾದರೆ ಏನು? ಶಿರಸಿಯವನಿಗೆ ಬೇಸಿಗೆಯಲ್ಲಿ ಏನು ಕೊಡಬೇಕು ಅಂತ ಯೋಚಿಸಲು ಬಹಳ ಬುದ್ಧಿ ಬೇಡ. ಅಪ್ಪೆಹುಳಿ! ಘಟ್ಟದ ಮೇಲಿನ ಹವ್ಯಕರ ಮನೆಯಲ್ಲಿ ಊಟ ಮಾಡಿದವರಿಗೆ ಗೊತ್ತಿರುತ್ತದೆ. ಹುಳಿ ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು, ಉಪ್ಪು, ಹಸಿಮೆಣಸು, ಮೇಲೊಂದು ಇಂಗಿನ ಒಗ್ಗರಣೆ. ಕುಡಿದು ಎದ್ದರೆ ಜಗುಲಿಯವರೆಗೆ ಹೋಗುವುದೂ ಕಷ್ಟ, ಅಂಥಾ ನಿದ್ದೆ ಬರುತ್ತದೆ ಅಂತ ಅವರೇ ಹೇಳುತ್ತಾರೆ.

ಅಪ್ಪೆಮಿಡಿ ಡಲ್ಲಾಸಿನಲ್ಲಿ ಎಲ್ಲಿಂದ ಬರಬೇಕು? ಇಂಡಿಯನ್ ಸ್ಟೋರಿನಲ್ಲಿ ಮೆಕ್ಸಿಕೋದ ಹಸಿರು ಮಾವಿನಕಾಯಿ ಸಿಗುತ್ತದೆ. ಟೆಕಿಲಾ ಬರುವ ದೇಶದಿಂದಲೇ ಇದೂ ಬರುತ್ತದೆ. ಬೇಯಿಸುವ ಬದಲು ಗ್ರಿಲ್ಲಿನ ಮೇಲೆ ಸಿಪ್ಪೆ ಕಪ್ಪಾಗುವ ತನಕ ಸುಟ್ಟೆ. ಸುಟ್ಟ ವಾಸನೆ ಇದ್ದರೆ ತಣ್ಣಗಿನ ಪಾನೀಯಕ್ಕೆ ಒಂದು ತೂಕ ಬರುತ್ತದೆ.

ಜೂನಿನಲ್ಲಿ ನಾಲ್ಕು ಭಾನುವಾರ ಅಳತೆ ಬದಲಿಸಿ ಬದಲಿಸಿ ಮಾಡಿದೆ. ಕೊನೆಗೆ ನಿಂತ ಲೆಕ್ಕ ಹೀಗೆ. ಎರಡು ದೊಡ್ಡ ಕಾಯಿ ಸುಟ್ಟು ತೆಗೆದ ತಿರುಳು ಸುಮಾರು 250 ಗ್ರಾಂ. ಅದಕ್ಕೆ ಸಕ್ಕರೆ 120 ಗ್ರಾಂ, ಉಪ್ಪು ಒಂದು ಸಣ್ಣ ಚಮಚ, ಒಂದಿಂಚು ಶುಂಠಿ, ಬೀಜ ತೆಗೆದ ಅರ್ಧ ಹಸಿಮೆಣಸು, ನೀರಿನಲ್ಲಿ ಕದಡಿದ ಒಂದು ಚಿಟಿಕೆ ಇಂಗು. ನೀರು ಸೇರಿಸಿ ಒಟ್ಟು 800 ಎಂ.ಎಲ್. ಮಾಡಿ, ರುಬ್ಬಿ, ಸೋಸಬೇಕು. ಗುಟ್ಟು ಇರುವುದು ಆಮೇಲೆ. ಇದರಲ್ಲಿ 500 ಎಂ.ಎಲ್. ಅನ್ನು ಐಸ್ ಟ್ರೇಗೆ ಸುರಿದು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಉಳಿದದ್ದು ಫ್ರಿಜ್ಜಿನಲ್ಲಿರಲಿ. ಮರುದಿನ ಎರಡನ್ನೂ ಕೂಡಿಸಿ ತಿರುಗಿಸಿ. ನೀರಿನ ಐಸು ಒಂದು ತುಂಡೂ ಬೇಡ. ನೀರಿನ ಐಸು ಕರಗಿದಷ್ಟೂ ರುಚಿ ತೆಳ್ಳಗಾಗುತ್ತದೆ, ಪಾನಕದ್ದೇ ಐಸು ಕರಗಿದರೆ ಪಾನಕವೇ ಆಗುತ್ತದೆ. ಟೆಕಿಲಾ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಕ್ಕರೆ, ಉಪ್ಪು ಹಂಚಿಕೊಳ್ಳುತ್ತವೆ. ಸಕ್ಕರೆ ಶೇಕಡಾ 15ರ ಹತ್ತಿರ ಇರಬೇಕು, ಹತ್ತಕ್ಕೆ ಇಳಿಸಿದರೆ ಮತ್ತೆ ಗರಗರ ಪುಡಿ. ತಿರುಳಿನ ನಾರು ನೀರನ್ನು ಹಿಡಿದಿಡುವುದರಿಂದ ಬೇಗ ಬೇರೆಯಾಗುವುದಿಲ್ಲ. ಆದರೂ ಮಾರ್ಗರಿಟಾದಷ್ಟು ಹೊತ್ತು ನಿಲ್ಲುವುದಿಲ್ಲ, ಹತ್ತು ನಿಮಿಷದಲ್ಲಿ ಕುಡಿಯಬೇಕು. ಇದು ನಾಲ್ಕು ಲೋಟಕ್ಕೆ.

ಒಗ್ಗರಣೆ ಬೇಕಂತಲೇ ಬಿಟ್ಟೆ. ತೆಂಗಿನೆಣ್ಣೆಯಾಗಲಿ ತುಪ್ಪವಾಗಲಿ ಈ ತಣ್ಣಗೆ ಮುತ್ತಿನ ಹಾಗೆ ಗಟ್ಟಿಯಾಗಿ ಅಂಗುಳಕ್ಕೆ ಅಂಟುತ್ತದೆ.

ಪಾತ್ರೆಗೆ ನನ್ನ ಹೆಂಡತಿ ದಾರಿ ಹುಡುಕಿದಳು. ಊರಿಂದ ತಂದ ಸ್ಟೀಲ್ ಲೋಟಗಳನ್ನು ಹೊತ್ತಿಗೆ ಮುಂಚೆಯೇ ಫ್ರೀಜರಿನಲ್ಲಿಟ್ಟಳು. ಮದ್ಯ ಇರುವುದೆಲ್ಲ ಗಾಜಿನಲ್ಲಿ, ಇಲ್ಲದ್ದೆಲ್ಲ ಸ್ಟೀಲಿನಲ್ಲಿ. ಮಕ್ಕಳಿಗೂ ಅದೇ, ಮನೆಗೆ ಕಾರು ಓಡಿಸಬೇಕಾದವರಿಗೂ ಅದೇ. ಯಾರ ಕೈಯಲ್ಲಿ ಏನಿದೆ ಅಂತ ದೂರದಿಂದಲೇ ಗೊತ್ತು, ಆದರೆ ಸ್ಟೀಲ್ ಲೋಟ ಹಿಡಿದವನು ಅವನೊಬ್ಬನೇ ಅಲ್ಲ. ಮಿಕ್ಸಿಗೂ ಎರಡು ಜಾರು: ದೊಡ್ಡದು ಮಾರ್ಗರಿಟಾಕ್ಕೆ, ಚಟ್ನಿ ಜಾರು ಅಪ್ಪೆಹುಳಿಗೆ. ಚಟ್ನಿ ಜಾರಿನಲ್ಲಿ ಒಂದು ಸಲಕ್ಕೆ ಒಂದೇ ಲೋಟ ಬರುವುದು. ಅವತ್ತು ನಾನು ಅಡುಗೆಮನೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ!

ಅವನು ಆರು ಗಂಟೆಗೆ ಬಂದ. ಹೇಳಿದ ಹಾಗೆ ಕಾರು ರಸ್ತೆ ಬದಿಗೆ ಹಾಕಿದ. ಮೊದಲ ಅರ್ಧ ಗಂಟೆ ಎಲ್ಲರೂ ಅವನ ಹತ್ತಿರ ಹವಾಮಾನದ ಬಗ್ಗೆಯೇ ಮಾತಾಡಿದರು. ಲೋಟ ಕೊಟ್ಟೆ. ಹೊರಗೆಲ್ಲ ಮಂಜು ಹಿಡಿದಿತ್ತು. ಒಂದು ಗುಟುಕು ಕುಡಿದು, ಕಣ್ಣು ಕಿರಿದು ಮಾಡಿ, "ಇದು ಅಪ್ಪೆಹುಳಿನಾ?" ಅಂದ.

"ಹ್ಞೂಂ."

"ಒಗ್ಗರಣೆ ಎಲ್ಲಿ?"

ನಾನು ಎಣ್ಣೆ ಹೆಪ್ಪುಗಟ್ಟುವ ವಿಚಾರ ಎಲ್ಲ ವಿವರಿಸಿದೆ. ಸಮಾಧಾನವಾದಂತೆ ಕಾಣಲಿಲ್ಲ. "ಒಗ್ಗರಣೆ ಇಲ್ದಿದ್ರೆ ಅದು ಅಪ್ಪೆಹುಳಿ ಅಲ್ಲ, ಮಾವಿನಕಾಯಿ ಪಾನಕ" ಅಂದು ಇನ್ನೊಂದು ಲೋಟ ಕೇಳಿದ. ಆಮೇಲೆ ಸಾಗರದ ಕಡೆಯ ಇನ್ನೊಬ್ಬರ ಜೊತೆ ಸೇರಿಕೊಂಡು ಅಪ್ಪೆಹುಳಿಗೆ ಬೆಲ್ಲವೋ ಸಕ್ಕರೆಯೋ ಅಂತ ಜಗಳಕ್ಕೇ ನಿಂತ. ಇಬ್ಬರ ದನಿಯೂ ಅಡುಗೆಮನೆಯ ತನಕ ಕೇಳುತ್ತಿತ್ತು.

ಎಂಟೂವರೆ ಹೊತ್ತಿಗೆ ಗಾಜಿನ ಗ್ಲಾಸಿನವರ ಮಾತು ಜೋರಾಯಿತು. ಯಾರೋ ಹಳೇ ಹಾಡು ಶುರು ಮಾಡಿದರು. ಪಟಾಕಿ ನೋಡಲು ಮಕ್ಕಳು ಗೇಟಿನ ಹತ್ತಿರ ಓಡಿದರು. ನಾನು ಜಾರು ತೊಳೆದು ಹೊರಗೆ ಬಂದಾಗ ಅವನ ಕುರ್ಚಿ ಖಾಲಿ ಇತ್ತು, ರಸ್ತೆ ಬದಿಯ ಕಾರೂ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಲೋಟ ಎಣಿಸುವಾಗ ಒಂದು ಕಡಿಮೆ ಬಂತು. ರಾತ್ರಿ ಹತ್ತಕ್ಕೆ ಮೆಸೇಜು: "ಲೋಟ ನನ್ನ ಹತ್ರ ಇದೆ. ಬೆಲ್ಲವೇ ಸರಿ."

ಮುಂದಿನ ಸಲಕ್ಕೆ ಬೆಲ್ಲ ಹಾಕಿ ನೋಡಬೇಕು. ಬೆಲ್ಲದಲ್ಲೂ ಹರಳು ಇಷ್ಟೇ ಸಣ್ಣಗೆ ಬಂದೀತು ಅನ್ನಿಸುತ್ತದೆ, ಬಣ್ಣ ಮಾತ್ರ ಮಬ್ಬಾದೀತು. ಒಣ ಮುರುಗಲ ಸಿಪ್ಪೆಯೂ ಒಂದು ಪೊಟ್ಟಣ ತಂದಿಟ್ಟಿದ್ದೇನೆ. ಅದರಲ್ಲಿ ತಿರುಳು ಇಲ್ಲದ್ದರಿಂದ ನೀರು ಬೇಗ ಬೇರೆಯಾಗುತ್ತದೆ ಅಂತ ಅನುಮಾನ. ನಿಮ್ಮಲ್ಲಿ ಯಾರಾದರೂ ಮುರುಗಲಿನಲ್ಲಿ, ಅಂದರೆ ಪುನರ್ಪುಳಿಯಲ್ಲಿ, ಹೀಗೆ ಮಾಡಿ ನೋಡಿದ್ದರೆ ಅಳತೆ ತಿಳಿಸಿ.